ಬದುಕಿದ್ದ ಅವ್ವನಿಗಾಗಿ ಅತ್ತ ಹೆಂಗಸರು

ನಂಬದಿದ್ದರೆ ಬಿಡಿ. ಅವ್ವನ ಮೇಲೆ ಆಣೆ ಮಾಡು ಎಂದು ಮಾತ್ರ ಕೇಳಬೇಡಿ. ಅವ್ವನ ಹೆಸರಿನಲ್ಲಿ ಸುಳ್ಳು ಹೇಳಿಯೇ ನಾನು ಕೆಟ್ಟಿದ್ದು. ಉಳಿದದ್ದನ್ನೆಲ್ಲ ನಡೆದ ಹಾಗೆಯೇ ಹೇಳುತ್ತೇನೆ.

ನಾನು ಅಫಜಲಪುರ ತಾಲೂಕಿನ ಕರಜಗಿಯವನು. ಆಳಂದ, ಜೇವರ್ಗಿ ಕಡೆಯ ಹೊಲಗಳಲ್ಲಿ ಬೋರ್‌ವೆಲ್ ಕೊರೆದು ಕೈ ಪಳಗಿದ ಮೇಲೆ ಅದೇ ಕೆಲಸಕ್ಕೆ ಟಾಂಜಾನಿಯಾಕ್ಕೆ ಹೋದೆ. ಅಲ್ಲಿ ಒಂದು ಹಳ್ಳಿಯಲ್ಲಿ ಅಮೀನಾ ಎಂಬ ಮುದುಕಿಯ ಮನೆಯಲ್ಲಿ ಉಳಿದುಕೊಂಡಿದ್ದೆ. ನೀರು ಬಿದ್ದ ದಿನ ಆಕೆ ಖುಷಿಯಿಂದ ತನ್ನ ಒಂದೇ ಒಂದು ಹುಂಜವನ್ನು ಕೊಯ್ಯಿಸಿ ನನಗಾಗಿ ಸಾರು ಮಾಡಿದಳು.

ನಾನು ಲಿಂಗಾಯತ. ತಿನ್ನುವುದಿಲ್ಲ ಎಂದು ನೆಟ್ಟಗೆ ಹೇಳಬಹುದಿತ್ತು. ಹಿಂದಿನ ಊರಿನಲ್ಲಿ ಹಾಗೆ ಹೇಳಿ ನಗೆಪಾಟಲಾಗಿದ್ದೆ. ಅದಕ್ಕೇ ನನ್ನ ಮುರುಕು ಸ್ವಾಹಿಲಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ.

‘ನಮ್ಮ ತಾಯಿ ತೀರಿಕೊಂಡಿದ್ದಾಳೆ. ಸೂತಕ. ಮಾಂಸ ಮುಟ್ಟುವಂತಿಲ್ಲ.’

ನಮ್ಮಲ್ಲಿ ಸೂತಕವೇ ಇಲ್ಲ. ಅದೂ ಸುಳ್ಳೇ.

ಅಮೀನಾಳ ಕೈಯಿಂದ ಸೌಟು ಜಾರಿತು. ‘ಪೋಲೆ... ಪೋಲೆ, ಮಗನೇ,’ ಎಂದು ನನ್ನ ತಲೆ ಸವರಿದಳು. ಪೋಲೆ ಎಂದರೆ ಅವರ ಭಾಷೆಯಲ್ಲಿ ಸಮಾಧಾನದ ಮಾತು. ಆಮೇಲೆ ಮೆಲ್ಲಗೆ ಕೇಳಿದಳು, ‘ತಾಯಿಯ ಹೆಸರೇನು?’

‘ಗುರುಬಾಯಿ.’

ಕತ್ತಲಾಗುವಷ್ಟರಲ್ಲಿ ಊರಿನ ಹೆಂಗಸರು ಅಂಗಳದಲ್ಲಿ ಚಾಪೆ ಹಾಸಿ ಕೂತರು. ಇದ್ದಿಲಿನ ಹೊಗೆ, ತಣ್ಣಗಾದ ಸಾರಿನ ವಾಸನೆ... ಅದರ ನಡುವೆ ಅಳು ಶುರುವಾಯಿತು. ‘ಗುರುಬಾಯಿ... ಪೋಲೆ...’ ನಿಜವಾದ ಕಣ್ಣೀರು! ನಾನು ಒಳಗೆ ಕಂಬಳಿ ಹೊದ್ದು ಬಿದ್ದುಕೊಂಡಿದ್ದೆ. ಹೊರಗೆ ಹೋಗಿ ಸುಳ್ಳೆಂದು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ರಾತ್ರಿ ಹತ್ತಕ್ಕೆ ಅಳು ಥಟ್ಟನೆ ನಿಂತಿತು. ಇಣುಕಿ ನೋಡಿದೆ. ಎಲ್ಲರೂ ಕೂತಲ್ಲೇ ಇದ್ದರು, ಉಸಿರು ಬಿಗಿಹಿಡಿದು ಏನನ್ನೋ ಆಲಿಸುತ್ತಿದ್ದರು.

‘ಯಾರು ಬಾಗಿಲು ತೆಗೆದದ್ದು?’ ಅಮೀನಾ ಪಿಸುಗುಟ್ಟಿದಳು.

ಆ ಮನೆಗೆ ಬಾಗಿಲೇ ಇರಲಿಲ್ಲ, ಬರೀ ಪರದೆ. ಆದರೆ ಕದ ಕಿರುಗುಟ್ಟಿದ್ದು ನನಗೂ ಕೇಳಿಸಿತ್ತು...

ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ. ಅವ್ವನ ದನಿ ಕೇಳಿ ಹೋದ ಜೀವ ಬಂದಂತಾಯಿತು.

‘ತಮ್ಮಾ, ರಾತ್ರಿ ಹನ್ನೆರಡೂವರಿಗಿ ನಮ್ಮ ಅಂಗಳದಾಗ ಹೆಣ್ಮಕ್ಕಳು ಅಳಾಕತ್ತಿದ್ರಪ್ಪ. ಬಾಗಲಾ ತೆಗದೆ, ಒಬ್ಬರೂ ಇಲ್ಲ! ಪೋಲೆ ಪೋಲೆ ಅಂತಿದ್ರು. ಅದೇನ್ ಭಾಷಿನೋ...’

ಅಲ್ಲಿಗಿಂತ ನಮ್ಮೂರಿನ ಗಡಿಯಾರ ಎರಡೂವರೆ ತಾಸು ಮುಂದೆ. ಅಮೀನಾಳ ಅಂಗಳದಲ್ಲಿ ಅಳು ನಿಂತದ್ದೂ ಅದೇ ಗಳಿಗೆಗೆ.

‘ಪಾಪ, ಯಾರ ಸಲುವಾಗಿ ಅಳಾಕತ್ತಿದ್ರೋ! ಒಳಗ ಕರದು ನೀರರ ಕೊಡಬೇಕಾಗಿತ್ತು.’

‘ನೆಟ್‌ವರ್ಕ್ ಇಲ್ಲವ್ವ, ಏನೂ ಕೇಳಸವಲ್ದು,’ ಎಂದು ಫೋನ್ ಇಟ್ಟುಬಿಟ್ಟೆ. ಮತ್ತೊಂದು ಸುಳ್ಳು.

ಅಮೀನಾಳಿಗೂ ನಿಜ ಹೇಳದೆ ಬಂದೆ. ಈಗ ಊರಿಗೆ ಮರಳಿ ಎರಡು ವರ್ಷ. ಅವ್ವ ಗಟ್ಟಿಮುಟ್ಟಾಗಿದ್ದಾಳೆ. ಅವಳೆದುರು ಬಾಯಿ ಬಿಡೋಣವೆಂದರೆ ಮುಖ ಎತ್ತಲು ಆಗುವುದಿಲ್ಲ. ಆ ಹೆಣ್ಣುಮಕ್ಕಳು ಮತ್ತೆ ಬಂದರೆ ನೆಟ್ಟಗೆ ಒಳಗೇ ಬರಲಿ ಎಂದು ಅವಳು ರಾತ್ರಿ ಬಾಗಿಲ ಚಿಲಕ ಹಾಕುವುದನ್ನೇ ಬಿಟ್ಟಿದ್ದಾಳೆ.

ಅವಳಿಗೆ ನಿದ್ದೆ ಹತ್ತಿದ ಮೇಲೆ ನಾನೇ ಸದ್ದಿಲ್ಲದೆ ಎದ್ದು ಹೋಗಿ ಹಾಕಿ ಬರುತ್ತೇನೆ...