ಮೊಗಾದಿಶುವಿನಲ್ಲಿ ‘ಇಲ್ಲ’ ಎಂಬ ನರ್ಸು

ಬಂದೂಕು ಹಿಡಿದವನಿಗೆ ‘ಇಲ್ಲ’ ಎನ್ನಬಾರದು ಎಂಬುದು ಸೋಮಾಲಿಯಾದಲ್ಲಿ ನಾನು ಕಲಿತ ಮೊದಲ ಪಾಠ. ಕಲಿತದ್ದು ಮೂರು ಸಲ ಅಂದ ಮೇಲೆ.

ಮೊಗಾದಿಶು ವಿಮಾನ ನಿಲ್ದಾಣದಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ತಪಾಸಣೆ ಗೇಟು. ಸೈನಿಕನೊಬ್ಬ ಕಿಟಕಿಗೆ ಬಾಗಿ ಹೆಸರು ಕೇಳಿದ. “ಮಾಯಾ” ಅಂದೆ. ಮತ್ತೆ ಕೇಳಿದ. “ಮಾಯಾ.” ಹುಬ್ಬು ಮೇಲೇರಿತು, ಬಂದೂಕು ಭುಜದಿಂದ ಕೆಳಗಿಳಿಯಿತು. ಕಿವಿ ಮಂದವಿರಬೇಕೆಂದು ಮೂರನೇ ಸಲ ಕೂಗಿಯೇ ಹೇಳಿದೆ. ಚಾಲಕ ಅಬ್ದಿ ಸ್ಟಿಯರಿಂಗಿಗೆ ಹಣೆ ಹಚ್ಚಿ ನಗತೊಡಗಿದ. ಸೋಮಾಲಿ ಭಾಷೆಯಲ್ಲಿ ‘ಮಾಯಾ’ ಅಂದರೆ ‘ಇಲ್ಲ’. ಪಾಸ್‌ಪೋರ್ಟ್ ನೋಡಿ ಸೈನಿಕನೂ ನಕ್ಕು ದಾರಿ ಬಿಟ್ಟ. ಬುದ್ಧನ ತಾಯಿಯ ಹೆಸರೆಂದು ಅಪ್ಪ ತಂಬ್ರಹಳ್ಳಿಯಲ್ಲಿ ಅಕ್ಕರೆಯಿಂದ ಇಟ್ಟ ಹೆಸರಿಗೆ ಈ ಗತಿ.

ಹಡಗಲಿ, ಹರಪನಹಳ್ಳಿ ಕಡೆ ಹದಿನಾಲ್ಕು ವರ್ಷ ಹೆರಿಗೆ ಮಾಡಿಸಿದ ನರ್ಸು ನಾನು. ಇಲ್ಲಿನ ಹುಡುಗಿಯರಿಗೆ ಆ ಕೆಲಸ ಕಲಿಸಲು ಬಂದೆ. “ಯಾಕ, ನಮ್ಮ ಕಡಿ ಹೆಂಗಸ್ರು ಹೆರೋದು ಬಿಟ್ಟಾರೇನ?” ಎಂದು ಅವ್ವ ಹೊರಡುವ ತನಕ ಕೇಳುತ್ತಲೇ ಇದ್ದಳು.

ಆಸ್ಪತ್ರೆಯ ಓಣಿಯಲ್ಲೇ ಹಲೀಮಾ ಎಂಬ ವಿಧವೆಯ ಮನೆಯ ಮಹಡಿ ಕೋಣೆ ಸಿಕ್ಕಿತು. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ ಅವಳಿಗೆ ಬರುತ್ತಿತ್ತು. ಎದುರು ಮನೆಗೆ ಹೊಸ ಗಾಜು, ಹೊಸ ಬಣ್ಣ. ಇವಳ ಅಡುಗೆಮನೆ ಗೋಡೆಯಲ್ಲಿ ಇನ್ನೂ ಹಳೆಯ ಗುಂಡಿನ ತೂತುಗಳು. ಅವಕ್ಕೆ ಗೂಟ ಬಡಿದು ಸೌಟು, ಜರಡಿ ತೂಗುಹಾಕಿದ್ದಳು. ವಿಡಿಯೊದಲ್ಲಿ ನೋಡಿದ ಅವ್ವ, “ಭಾರಿ ಅನುಕೂಲ ಮಾಡ್ಯಾರ ನೋಡು. ನಿಮ್ಮಪ್ಪಗ ಒಂದು ಮೊಳಿ ಹೊಡಿ ಅಂದ್ರ ವರ್ಷ ಮಾಡ್ತಾನ” ಎಂದಳು. ತೂತು ಮಾಡಿದ್ದು ಏನೆಂದು ನಾನು ಹೇಳಲಿಲ್ಲ.

ಬೆಳಗಿನ ತಿಂಡಿ ಅಂಜೇರೊ. ಹುಳಿ ಬಂದ ಹಿಟ್ಟಿನ, ಮೈತುಂಬ ಕಣ್ಣುಗಳ ದೋಸೆ. ತವರೇ ಸಿಕ್ಕಿತೆಂದು ಹಿಗ್ಗುವಷ್ಟರಲ್ಲಿ ಹಲೀಮಾ ಅದರ ಮೇಲೆ ಎಳ್ಳೆಣ್ಣೆ ಸುರಿದು ಸಕ್ಕರೆ ಉದುರಿಸಿದಳು. ಮಧ್ಯಾಹ್ನ ಅನ್ನದ ಜೊತೆ ಬಾಳೆಹಣ್ಣು. ತಡೆಯಲಾರದೆ ಒಂದು ದಿನ ಕೆಂಪು ಖಾರ ಅರೆದು ಕೊಟ್ಟೆ. ಒಂದು ಬೆರಳು ನೆಕ್ಕಿ, ಎರಡು ಲೋಟ ನೀರು ಕುಡಿದು, ಕಣ್ಣೊರೆಸಿಕೊಂಡು ಕೇಳಿದಳು: “ನಿಮ್ಮೂರಲ್ಲೂ ಯುದ್ಧ ಇತ್ತೇನು?”

ಪೇಚಾಟವೆಲ್ಲ ಹೆರಿಗೆ ಕೋಣೆಯಲ್ಲಿ. ನೋವು ತಿನ್ನುವವರು “ಮಾಯಾ! ಮಾಯಾ!” ಎಂದು ಚೀರುತ್ತಿದ್ದರು, ನಾನು ಓಡುತ್ತಿದ್ದೆ. ಅರ್ಥ ಗೊತ್ತಿದ್ದರೂ ಸ್ವಂತ ಹೆಸರು ಕೇಳಿದ ಮೇಲೆ ಕಾಲು ನಿಲ್ಲುತ್ತದೆಯೇ?

ಎರಡನೇ ವಾರ ಫಾದುಮೊ ಬಂದಳು. ಹಿಂದೆ ಕಾಳಗದ ದಿನ ರಸ್ತೆ ಮುಚ್ಚಿ, ಆಸ್ಪತ್ರೆ ಮುಟ್ಟುವುದರೊಳಗೆ ಮೊದಲ ಕೂಸು ಕಳೆದುಕೊಂಡವಳು. ಹೆದರಿ ಮಂಚ ಹತ್ತಲೊಲ್ಲಳು. “ಮಾಯಾ!” ಎಂದು ನನ್ನನ್ನು ತಳ್ಳಿದಳು. “ಬಂದೆನವ್ವ, ಇಲ್ಲೇ ಅದೀನಿ” ಎಂದು ಇನ್ನೂ ಹತ್ತಿರ ಹೋದೆ. ಅವಳು ಕೂಗಿದಷ್ಟೂ ನಾನು ಅಪ್ಪಿಕೊಂಡೆ. ನನ್ನ ಶಿಷ್ಯೆ ಸಹ್ರಾ ನಗು ತಡೆದುಕೊಂಡು, ಇವಳ ಹೆಸರೇ ಅದು ಎಂದು ಬಿಡಿಸಿ ಹೇಳಿದಳು. ಫಾದುಮೊ ನೋವಿನ ನಡುವೆಯೇ ಫಕ್ಕನೆ ನಕ್ಕಳು. ಬಿಗಿದ ಮೈ ಸಡಿಲಾಯಿತು. ಮಂಚ ಹತ್ತಿದಳು.

ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡ ಕೂಸು ನೀಲಿಯಾಗಿ ಹುಟ್ಟಿತು. ಉಸಿರಿಲ್ಲ. ಬಳ್ಳಿ ಬಿಡಿಸಿ ಬೆನ್ನು ಉಜ್ಜಿದೆ. ಸಹ್ರಾಳ ಕೈಯಿಂದ ಉಸಿರುಚೀಲ ಒತ್ತಿಸಿ ಕೂಸಿನ ಮೂಗು-ಬಾಯಿಗೆ ಗಾಳಿ ಕೊಡಿಸಿದೆ. ಕೋಣೆಯಲ್ಲಿ ಯಾರೂ ‘ಮಾಯಾ’ ಎನ್ನಲಿಲ್ಲ. ಕೊನೆಗೆ ಕೂಸು ಕೆಮ್ಮಿತು, ಆಮೇಲೆ ಓಣಿಗೆಲ್ಲ ಕೇಳುವಂತೆ ಅತ್ತಿತು.

ಮರುದಿನ ಫಾದುಮೊಳ ಅತ್ತೆ ಖರ್ಜೂರ ತಂದು ಸಹ್ರಾಳ ಮೂಲಕ ಸಂಕೋಚದಿಂದ ಹೇಳಿದಳು: “ಮೊಮ್ಮಗಳಿಗೆ ನಿನ್ನ ಹೆಸರೇ ಇಡಬೇಕೆಂದಿದ್ದೆವು. ಆದರೆ ನಾಳೆ ಗಂಡಿನವರು ಬಂದು ಹೆಸರು ಕೇಳಿದರೆ ಏನು ಗತಿ?” ಅಮೀನಾ ಎಂದಿಟ್ಟರು. ಸರಿಯಾಗಿಯೇ ಮಾಡಿದರು, ಆದರೂ ನನಗೆ ಚೂರು ಬೇಸರವಾಯಿತು.

ಕಳೆದ ರಜೆಗೆ ತಂಬ್ರಹಳ್ಳಿಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಲೀಮಾಳ ಫೋನು ಬಂತು.

“ಏನಂತಾಳ ಆಕಿ?”

“ಮನಿಗೆ ಯಾವಾಗ ಬರ್ತಿ ಅಂತ ಕೇಳ್ತಾಳವ್ವ.”

ಅವ್ವನ ಕೈ ನಿಂತಿತು. “ಮನ್ಯಾಗ ಅದೀನಿ ಅಂತ ಹೇಳು.”

ನನ್ನ ಅರೆಬರೆ ಸೋಮಾಲಿಯಲ್ಲಿ ಹಾಗೇ ಹೇಳಿದೆ. ಆ ಕಡೆಯಿಂದ ಹಲೀಮಾ, ಮೆಟ್ಟಿಲ ಬುಡದಲ್ಲಿ ನಿಂತು ಮಹಡಿಗೆ ಕೂಗುವ ದನಿಯಲ್ಲಿ, “ಮನೆಯಲ್ಲಿದ್ದರೆ ಕೆಳಗಿಳಿದು ಬಾ, ಚಹಾ ಆರುತ್ತಿದೆ” ಎಂದಳು.

ನಾನು ಅರ್ಧ ಎದ್ದೂ ಬಿಟ್ಟಿದ್ದೆ. ಅವ್ವ ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ, “ಕುಂದ್ರು” ಅಂದಳು.