ಗಟ್ಟಿ ಅಂದ ಹಲಗೆ

ಅಕ್ಕನ ಅಡುಗೆಮನೆಯಲ್ಲಿ ಕೆಲಸ ಮಾಡುವಾಗ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಒಲೆಯ ಮೇಲುಗಡೆ ಗೋಡೆಗೆ ಕೂರಿಸಿದ ಕಪಾಟಿನ ಹಿಂದಿನ ಹಲಗೆ ಕೊಳೆತಿತ್ತು. ಅದು ನನಗೆ ಗೊತ್ತಿತ್ತು.

ನಾನು ಭೀಮನಬೀಡಿನವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಗುಂಡ್ಲುಪೇಟೆಯ ಒಬ್ಬ ಮರಗೆಲಸದ ಮೇಸ್ತ್ರಿಯ ಹತ್ತಿರ ನನ್ನನ್ನು ಸೇರಿಸಿದವಳು ಅಕ್ಕನೇ. ಅವಳು ಮದುವೆಯಾಗಿ ಹೋಗಿ ಚಾಮರಾಜನಗರದಲ್ಲಿ ಮನೆ ಕಟ್ಟಿಸಿದಾಗ ಅಡುಗೆಮನೆಯ ಕಪಾಟುಗಳನ್ನೆಲ್ಲ ನಾನೇ ಮಾಡಿಕೊಟ್ಟಿದ್ದೆ. ಹದಿನೈದು ವರ್ಷದಲ್ಲಿ ಬಾಗಿಲುಗಳು ಸೊಟ್ಟಗಾಗಿದ್ದವು. ಮೇಲೆ ಅಂಟಿಸಿದ್ದ ಮೈಕಾ ಹಾಳೆ ಅಂಚಿನಲ್ಲಿ ಎದ್ದು ಬಂದಿತ್ತು. ಎಲ್ಲ ಕಿತ್ತುಹಾಕಿ ಹೊಸದು ಕೂರಿಸೋಣ ಎಂದರು ಭಾವ. ಅಕ್ಕ ಒಪ್ಪಲಿಲ್ಲ. ಕಪಾಟಿನ ಪೆಟ್ಟಿಗೆ ಹಾಗೇ ಇರಲಿ, ಬಾಗಿಲು ಬದಲಿಸಿ ಮೇಲೆ ಹೊಸ ಮೈಕಾ ಅಂಟಿಸಿದರೆ ಸಾಕು ಎಂದು ಹಠ ಹಿಡಿದಳು.

"ನಿನ್ ತಮ್ಮ ಮುದ್ಕಿಗೆ ಪೌಡ್ರು ಬಳೀತಾನೆ, ಅಷ್ಟೇಯ," ಎಂದರು ಭಾವ, ನನ್ನ ಎದುರಿಗೇ.

"ಬಳೀಲಿ ಬುಡಿ. ಒಳ್ಗಡೆ ಮೂಳೆ ಗಟ್ಟಿಯಾಗದೆ. ನನ್ ತಮ್ಮ ಮಾಡಿದ್ದು ಕಣ್ರೀ ಅದು."

ಮುಂದೆ ನನ್ನ ಬಾಯಿ ಕಟ್ಟಿಹಾಕಿದ್ದು ಆ ಮಾತೇ.

ಹಳೆಯ ಪೆಟ್ಟಿಗೆಗೆ ಹೊಸ ಮೈಕಾ ಹಾಕುವ ಮೊದಲು ಪ್ರತಿ ಹಲಗೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕೇಳಬೇಕು, ಟಕ್ ಎಂದರೆ ಗಟ್ಟಿ, ದಬ್ ಎಂದರೆ ಕೊಳೆತದ್ದು ಎಂದು ಮೇಸ್ತ್ರಿ ಕಲಿಸಿದ್ದರು. ಅಕ್ಕನಿಗೂ ಅದು ಗೊತ್ತು. ನಾನು ಕೆಲಸ ಕಲಿಯುವಾಗ ಮನೆಯ ಕದ, ಮಂಚ ಎಲ್ಲವನ್ನೂ ತಟ್ಟುತ್ತ ಓಡಾಡುತ್ತಿದ್ದುದನ್ನು ನೋಡಿ ನಗುತ್ತಿದ್ದವಳು ಅವಳು.

ಕೆಲಸದ ಎರಡನೆಯ ದಿನ ಒಲೆಯ ಮೇಲಿನ ಕಪಾಟಿನ ಬಾಗಿಲು ಕಳಚಿ, ಹಿಂದಿನ ಹಲಗೆಯನ್ನು ತಟ್ಟಿದೆ. ದಬ್ ಎಂದಿತು. ಸ್ಕ್ರೂಡ್ರೈವರ್ ಒತ್ತಿದರೆ ನೆನೆದ ರಸ್ಕಿನೊಳಗೆ ಹೋದ ಹಾಗೆ ಹೋಯಿತು. ಗೋಡೆಯ ಆಚೆ ಬದಿ ಬಚ್ಚಲು. ಅಲ್ಲಿಂದ ತೇವ ಇಳಿದು ಇಳಿದು ಹಲಗೆಯನ್ನು ತಿಂದಿತ್ತು. ಇಡೀ ಕಪಾಟು ಗೋಡೆಗೆ ನಿಂತಿದ್ದದ್ದು ಆ ಹಲಗೆಗೆ ಹಾಕಿದ ನಾಲ್ಕು ಸ್ಕ್ರೂಗಳ ಮೇಲೆ.

ಹಜಾರದಲ್ಲಿ ಭಾವ ಟಿ.ವಿ. ನೋಡುತ್ತ ಕೂತಿದ್ದರು. ಅಕ್ಕ ಕಾಫಿ ತಂದಳು.

"ತಟ್ಟಿ ನೋಡ್ದೇನ್ಲಾ? ಎಂಗದೆ?"

ಅವಳ ಮುಂದೆ ಮತ್ತೊಮ್ಮೆ ತಟ್ಟಿದೆ. ಹಿಂದಿನದನ್ನಲ್ಲ, ಪಕ್ಕದ ಹಲಗೆಯನ್ನು. ಎಲ್ಲಿ ಟಕ್ ಟಕ್ ಎನ್ನುತ್ತದೆ ಎಂದು ತಿಳಿದೇ ಅಲ್ಲಿ ತಟ್ಟಿದೆ.

"ಗಟ್ಟಿ ಕಣಕ್ಕ."

"ಕೇಳುಸ್ತಾ?" ಎಂದು ಅವಳು ಹಜಾರದ ಕಡೆ ತಿರುಗಿ ಭಾವನಿಗೆ ಕೂಗಿದಳು.

ಕೊಳೆತ ಜಾಗಕ್ಕೂ ಬಿಳಿ ಮೈಕಾ ಅಂಟಿಸಿದೆ. ಹೊಸ ಬಾಗಿಲು ಹಳೆಯದಕ್ಕಿಂತ ಭಾರ ಎಂದು ಎತ್ತಿ ಹಿಡಿದಾಗಲೇ ಕೈಗೆ ತಿಳಿದಿತ್ತು.

ಕೆಲಸ ಮುಗಿಸಿ ಗುಂಡ್ಲುಪೇಟೆಗೆ ವಾಪಸ್ ಬಂದ ಮೇಲೆ ಅಕ್ಕನ ಫೋನ್ ಬಂದಾಗಲೆಲ್ಲ ಕಪಾಟು ಬಿತ್ತೇನೋ ಎಂದುಕೊಂಡೇ ಎತ್ತುತ್ತಿದ್ದೆ. ಮೂರನೆಯ ವಾರ ಒಂದು ಬೆಳಿಗ್ಗೆ ಮತ್ತೆ ಮಾಡಿದಳು.

"ಪಕ್ಕದ್ಮನೆಯೋರೆಲ್ಲ ಬಂದು ನೋಡ್ಕಂಡೋದ್ರು ಕಣ್ಲಾ. ಉಪ್ಪಿನ್ಕಾಯ್ ಜಾಡಿ ನಾಕ್ನೂ ಒಲೆ ಮ್ಯಾಗಳ ಕಪಾಟ್ಗೆ ಏರುಸ್ಬುಟ್ಟೆ. ಕೈಗೇ ಸಿಕ್ತದೆ."

ಇಳಿಸು ಎಂದು ಆಗಲೇ ಹೇಳಬಹುದಿತ್ತು. ಹೂಂ ಎಂದು ಫೋನ್ ಇಟ್ಟೆ. ಸ್ವಲ್ಪ ಹೊತ್ತಿಗೆ ಉಳಿ ಕೆಳಗಿಟ್ಟು ಎದ್ದೆ. ಚಾಮರಾಜನಗರಕ್ಕೆ ಸಿಕ್ಕಿದ ಬಸ್ಸು ಹತ್ತಿದೆ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

ಮನೆಯ ಬಾಗಿಲು ತೆರೆದಿತ್ತು. ಅಕ್ಕ ಒಲೆಯ ಮುಂದೆ ಬಗ್ಗಿ, ಎರಡೂ ಕೈಯಿಂದ ಕೋಲು ಹಿಡಿದು ಮುದ್ದೆ ತಿರುವುತ್ತಿದ್ದಳು. ತಲೆಯ ಮೇಲೇ ಕಪಾಟು. ಅದಕ್ಕೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಅವಳು ಕೋಲು ತಿರುವಿದಾಗಲೆಲ್ಲ ಒಳಗೆ ಜಾಡಿಗಳು ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು.

"ಅಕ್ಕ, ಈಚ್ಗೆ ಬಾ."

"ಅಯ್, ಯಾವಾಗ್ ಬಂದ್ಲಾ? ಇರು, ಈಗ್ ಕೈ ಬುಟ್ರೆ ಗಂಟಾಯ್ತದೆ."

"ಗಂಟಾಗ್ಲಿ, ಬಾಕ್ಕ!"

"ಉಣ್ಣೋ ಒತ್ಗೆ ಸರ್ಯಾಗ್ ಬಂದು, ಗಂಟ್ ಮುದ್ದೆ ಉಣ್ತೀಯೇನ್ಲಾ?" ನಕ್ಕಳು. ಅಲುಗಲಿಲ್ಲ.

ನಾನು ಹಾರಿ ಹೋಗಿ ಎರಡೂ ಅಂಗೈಯನ್ನು ಕಪಾಟಿನ ಅಡಿಗೆ ಕೊಟ್ಟೆ. ಭಾರವೆಲ್ಲ ಒಮ್ಮೆಲೇ ಕೈಗೆ ಬಂತು. ಗಾರೆಯ ಪುಡಿ ಅವಳ ಹೆಗಲ ಮೇಲೆ ಉದುರಿತು. ಆಗ ಮೇಲೆ ನೋಡಿದಳು. ಕೋಲು ಬಿಟ್ಟು, ಒಲೆ ಆರಿಸಿ, ಹಿಂದೆ ಸರಿದಳು.

ಸದ್ದಿಗೆ ಭಾವ ಬಂದರು. ಏನೂ ಕೇಳದೆ ಜಾಡಿಗಳನ್ನು ಒಂದೊಂದಾಗಿ ಇಳಿಸಿದರು. ಕೊನೆಯದನ್ನು ಇಳಿಸಿ, ಮೈಕಾ ಬಿರಿದ ಕಡೆ ಕಾಣುತ್ತಿದ್ದ ಕಪ್ಪು ಹಲಗೆಗೆ ಬೆರಳು ಒತ್ತಿದರು. ಬೆರಳು ಒಳಗೆ ಹೋಯಿತು. ನನ್ನ ಮುಖ ನೋಡಿದರು.

ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಅಡ್ಡ ಬಂದಳು. "ಬಚ್ಚಲ್ ನೀರ್ ಇಳ್ದದೆ ಕಣ್ರೀ. ಅದ್ಕೆ ಅವ್ನೇನ್ ಮಾಡಾನು? ಅವತ್ತು ನನ್ ಮುಂದೇ ತಟ್ಟಿ ತೋರುಸ್ದ, ಗಟ್ಟಿಯಾಗಿತ್ತು."

ಕಪಾಟು ಇನ್ನೂ ನನ್ನ ಕೈ ಮೇಲೇ ಇತ್ತು.

"ಇಲ್ಲ ಕಣಕ್ಕ," ಎಂದೆ, ಭಾವನಿಗೂ ಕೇಳುವ ಹಾಗೆ. "ಪಕ್ಕದ್ ಅಲ್ಗೆ ತಟ್ಟಿ ನಿಂಗೆ ಸುಳ್ಳೇಳ್ಬುಟ್ಟೆ. ಇದು ಕೊಳ್ತಿರೋದು ಅವತ್ತೇ ಗೊತ್ತಿತ್ತು ನಂಗೆ. ತಪ್ಪಾಯ್ತಕ್ಕ."