ಓಡುವ ಜೋಡಿ, ಎಳೆಯುವ ಜೋಡಿ

ಗಾಡಿಯಲ್ಲಿ ನನ್ನ ಪಕ್ಕ ಕೂತರೆ ನಮ್ಮ ಸಾಹುಕಾರರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ತಮ್ಮ ಕಡೆ ಇಲ್ಲದ ಆಕ್ಸಲರೇಟರನ್ನು ಒತ್ತಿ ಒತ್ತಿ, ಅಲ್ಲಿ ಹಾಸಿದ್ದ ರಬ್ಬರ್ ಚಾಪೆಯನ್ನು ತೂತು ಮಾಡಿಟ್ಟಿದ್ದರು. "ತುಳಿಯಪ್ಪಾ, ತುಳಿ! ಗಾಡಿ ಹೊಡೀತಿದೀಯೋ, ಮೆರವಣಿಗೆ ಹೊರಟಿದೀಯೋ?" ಎಂದು ಸಿರಾದಿಂದ ಮಧುಗಿರಿಯವರೆಗೂ ಅದೇ ಮಾತು. ಎಷ್ಟೋ ಸಲ ಗಾಡಿ ನಿಲ್ಲಿಸಿ ಬೀಗದ ಕೈ ಅವರ ಮಡಿಲಿಗೆ ಎಸೆದು ಹೋಗಿಬಿಡೋಣ ಅನ್ನಿಸುತ್ತಿತ್ತು.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ಸಿರಾ ಪೇಟೆಯಲ್ಲಿ ಅವರಿಗೆ ಕಬ್ಬಿಣದ ಸಾಮಾನಿನ ಅಂಗಡಿ. ಜೊತೆಗೆ, ಬಾವಿ ತೋಡುವವರಿಗೆ ನೀರೆತ್ತುವ ಆಯಿಲ್ ಎಂಜಿನ್ ಬಾಡಿಗೆಗೆ ಕೊಡುತ್ತಿದ್ದರು. ಗಾಲಿ ಹಾಕಿದ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದ್ದ ಆ ಎಂಜಿನ್ನನ್ನು ಮಿಲಿಟರಿ ಹರಾಜಿನ ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಪಾವಗಡ, ಮಧುಗಿರಿ, ಕೊರಟಗೆರೆ ಸುತ್ತುವುದು ನನ್ನ ಕೆಲಸ.

ಜಗಳವೆಲ್ಲ ಗಾಡಿಯ ಹಿಂದಿನ ಆಕ್ಸಲ್ಲಿನದು, ಗಾಲಿಗಳ ಅಚ್ಚಿನದು. ಅದರೊಳಗೆ ಕ್ರೌನ್ ಮತ್ತು ಪಿನಿಯನ್ ಎಂಬ ಎರಡು ಹಲ್ಲುಚಕ್ರಗಳ ಜೋಡಿ ಇರುತ್ತದೆ. ಗಾಲಿ ಒಂದು ಸುತ್ತು ಬರಲು ಗಾಡಿಯ ಎಂಜಿನ್ ಎಷ್ಟು ಸುತ್ತಬೇಕು ಎಂಬುದು ಅದರ ಕೈಲಿದೆ. ಕಡಿಮೆ ಸುತ್ತಿನ ಜೋಡಿ ಹಾಕಿದರೆ ಗಾಡಿ ಓಡುತ್ತದೆ, ಹೆಚ್ಚು ಸುತ್ತಿನದು ಹಾಕಿದರೆ ಎಳೆಯುತ್ತದೆ. ಹರಾಜಿನಲ್ಲಿ ಸಾಹುಕಾರರಿಗೆ ಎರಡೂ ಜೋಡಿ ಸಿಕ್ಕಿದ್ದವು. ಹಿಂದೆ ಟನ್ನುಗಟ್ಟಲೆ ಕಬ್ಬಿಣ ಕಟ್ಟುವ ಗಾಡಿಗೆ ಯಾವುದು ಬೇಕು ಎಂದು ಯಾರನ್ನಾದರೂ ಕೇಳಬೇಕೇ? ಅವರು ಮಾತ್ರ ಓಡುವ ಜೋಡಿಯನ್ನೇ ಹಾಕಿಸಿದರು.

ಹಾಕಿಸಿ, ಶುಕ್ರವಾರ ನಮಾಜು ಮುಗಿಸಿ ಬಂದು ದೊಡ್ಡ ರಸ್ತೆಯಲ್ಲಿ ಪರೀಕ್ಷೆ ಇಟ್ಟರು. ಖಾಲಿ ಗಾಡಿಯಲ್ಲಿ! ಜೋಡಿ ಕೂರಿಸಿದ ಪಾವಗಡದ ಕಡೆಯ ಮೇಸ್ತ್ರಿ, "ಎಂಜಿನ್ ಕಟ್ಟಿ ಚೂಡಂಡಿ ಸಾಹುಕಾರ್, ಖಾಲೀಲಿ ಏಮ್ ತೆಲುಸ್ತುಂದಿ?" ಎಂದು ಬೇಡಿಕೊಂಡ. ಭಾರ ಕಟ್ಟದೆ ನೋಡಿದರೆ ಏನೂ ತಿಳಿಯುವುದಿಲ್ಲ ಎಂದು ನಾನೂ ಹೇಳಿದೆ. ಅವರ ಪದ್ಧತಿಯೇ ಬೇರೆ. ಹೊಸ ಸಾಮಾನು ಬಿದ್ದ ಗಾಡಿಗೆ ಮೊದಲ ದಿನ ಭಾರ ಕಟ್ಟಬಾರದು.

"ಮನೆಗೆ ಬಂದ ಹೊಸ ಸೊಸೆ ಕೈಲಿ ಅವತ್ತೇ ನೀರು ಹೊರಿಸ್ತಾರೇನಪ್ಪಾ?" ಎಂದು ನನ್ನನ್ನೇ ಗದರಿದರು. ಗಾಡಿ ಹಕ್ಕಿಯಂತೆ ಹಾರಿತು. "ನೋಡ್ದಾ?" ಎಂದು ತೊಡೆ ತಟ್ಟಿಕೊಂಡರು. ನನಗೆ ಮೈ ಉರಿದುಹೋಯಿತು.

ಮರುವಾರವೇ ಕೊರಟಗೆರೆ ಕಡೆಯ ಹಳ್ಳಿಯಿಂದ ನನ್ನ ಅಕ್ಕನ ಗಂಡ ಆಳು ಕಳಿಸಿದ. ತೋಡುತ್ತಿದ್ದ ಬಾವಿಯಲ್ಲಿ ದೊಡ್ಡ ಸೆಲೆ ಒಡೆದಿತ್ತು. ಸುತ್ತ ಇನ್ನೂ ಕಲ್ಲು ಕಟ್ಟಿರಲಿಲ್ಲ, ಬರೀ ಮಣ್ಣಿನ ಗೋಡೆ. ಅವತ್ತೇ ನೀರು ಎತ್ತಿ ಹಾಕದಿದ್ದರೆ ಗೋಡೆ ನೆನೆದು ಕುಸಿದು, ಅವರು ವರ್ಷವಿಡೀ ಬೆವರು ಸುರಿಸಿದ ಬಾವಿ ಮುಚ್ಚಿಹೋಗುತ್ತಿತ್ತು. ಜೋಡಿ ಬದಲಿಸಲು ಹೊತ್ತಿರಲಿಲ್ಲ. "ನಾನೂ ಬರ್ತೀನಿ ನಡಿ, ನೀನೊಬ್ಬನೇ ಹೋದ್ರೆ ತೆವಳ್ಕೊಂಡು ಹೋಗ್ತೀಯ" ಎಂದು ಸಾಹುಕಾರರು ಹತ್ತಿ ಕೂತರು.

ಅಕ್ಕನ ಊರಿಗೆ ಮುಂಚೆ ಒಂದು ಏರು ಇದೆ. ಅರ್ಧ ಏರುವಷ್ಟರಲ್ಲಿ ಮೊದಲನೇ ಗೇರಿನಲ್ಲೂ ಗಾಡಿಗೆ ಉಸಿರು ಕಟ್ಟಿತು. ಕ್ಲಚ್ ಸುಟ್ಟ ವಾಸನೆ ಬಂತು, ಎಂಜಿನ್ ನಿಂತಿತು. ಬ್ರೇಕಿನ ಮೇಲೆ ಎದ್ದು ನಿಂತರೂ ಗಾಡಿ ಹಿಂದಕ್ಕೆ ಜಾರತೊಡಗಿತು. ಸಾಹುಕಾರರು ಆ ವಯಸ್ಸಿನಲ್ಲಿ ಕೆಳಗೆ ಹಾರಿ, ದಿಂಡುಗಲ್ಲೊಂದನ್ನು ಎತ್ತಿ ಹಿಂದಿನ ಗಾಲಿಗೆ ಕೊಟ್ಟರು. ಗಾಡಿ ನಿಂತಿತು. ಅವರ ಬಲಗೈ ಬೆರಳುಗಳು ಕಲ್ಲಿಗೂ ಗಾಲಿಗೂ ನಡುವೆ ಸಿಕ್ಕಿದ್ದವು.

ಅವರು ಚೀರಲಿಲ್ಲ. ಕೈ ಬಿಡಿಸಿದ ಮೇಲೆ ಹೆಗಲ ವಸ್ತ್ರ ಸುತ್ತಿಕೊಂಡರು. ಆಸ್ಪತ್ರೆಗೆ ಹೋಗೋಣವೆಂದು ನಾನು ಅತ್ತೇಬಿಟ್ಟೆ. "ಆಸ್ಪತ್ರೆ ಎಲ್ಲೂ ಓಡಿಹೋಗಲ್ಲ. ಎತ್ತು ಕರ್ಕೊಂಡು ಬಾ ಹೋಗು" ಎಂದರು. ಹತ್ತಿರದ ಹಳ್ಳಿಯಿಂದ ಎತ್ತು ತಂದು, ಎಂಜಿನ್ನನ್ನು ಎಳೆಸಿಕೊಂಡು ಹೋದೆವು. ಬಾವಿಯ ತಳ ಕಾಣುವವರೆಗೂ ಅವರು ದಂಡೆಯಲ್ಲೇ ಕೂತರು, ಏಳು ಎಂದರೆ ಏಳಲಿಲ್ಲ. ಗೋಡೆ ನಿಂತಿತು. ಆಮೇಲೆ ಮಧುಗಿರಿಗೆ ಹೋದರೆ, ಡಾಕ್ಟರು ಬೇಗ ಬರಬೇಕಿತ್ತು ಎಂದು ಬೈದು ಎರಡು ಬೆರಳು ತೆಗೆದರು.

ಇನ್ನಾದರೂ ತಪ್ಪು ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ. ಎಲ್ಲಿ ಬಂತು! ಕೈಗೆ ಕಟ್ಟು ಕಟ್ಟಿಕೊಂಡೇ ಮೇಸ್ತ್ರಿಯ ಹತ್ತಿರ ನಿಂತು, "ಎಳೆಯೋದನ್ನೇ ಹಾಕಪ್ಪಾ. ಗಾಡಿಗಲ್ಲ, ಇವನ ಕೈಗೆ ಅದೇ ಸರಿ" ಎಂದರು. ನೋಡಲು ಬಂದ ನನ್ನ ಅಕ್ಕನಿಗೂ, "ಗಾಡೀದೇನೂ ತಪ್ಪಿಲ್ಲ ಕಣಮ್ಮ. ನಿನ್ನ ತಮ್ಮ ಗೇರ್ ಹಾಕೋದು ತಡ ಮಾಡ್ಬುಟ್ಟ" ಎಂದು ಎಡಗೈಯಲ್ಲಿ ಚಹಾ ಕುಡಿಯುತ್ತ ಹೇಳಿದರು. ಅಕ್ಕ ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. ಬಾಯಿ ತೆರೆಯಬೇಕೆಂದುಕೊಂಡೆ. ಆ ಕಟ್ಟು ಕಂಡು, ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.

ಅರವತ್ತರ ದಶಕದಲ್ಲಿ, ಎದೆನೋವು ಬಂದು ಅವರು ಅಂಗಡಿಯಲ್ಲೇ ಕೂತಲ್ಲಿ ತೀರಿಕೊಂಡರು. ಸುದ್ದಿ ತಿಳಿದು ಅಕ್ಕ ಓಡಿ ಬಂದಳು. ಅಷ್ಟು ಹೊತ್ತಿಗೆ ಆ ಬಾವಿಯ ನೀರಲ್ಲಿ ಅವಳ ಮನೆಯವರು ಎಷ್ಟೋ ಬೆಳೆ ತೆಗೆದಿದ್ದರು. ಸೆರಗು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ನೀನು ನೆಟ್ಟಗೆ ಗಾಡಿ ಹೊಡೆದಿದ್ರೆ ಆ ಪುಣ್ಯಾತ್ಮನ ಬೆರಳು ಉಳೀತಿದ್ವು ಕಣ್ಲಾ" ಎಂದಳು.

"ಹೂಂ ಕಣಕ್ಕ" ಎಂದೆ.